ನಾಟಕದಲ್ಲಿ ಅಷ್ಟೊಂದು ರಕ್ತ ಯಾಕೆ?

ಮುಂಬಯಿಯ ನಮ್ಮ ಹವ್ಯಾಸಿ ಕನ್ನಡ ತಂಡಗಳಿಗೆ ನಾನು ಪ್ರಸಾಧನ ಮಾಡುತ್ತೇನೆ. ಮಾಟುಂಗಾದಲ್ಲೋ ಮತ್ತೆಲ್ಲೋ ಕೊಲೆಯಿರುವ ನಾಟಕ ಮುಗಿಯಿತೆಂದರೆ ಯಾರಾದರೊಬ್ಬರು ಬಂದು ಕೇಳಿಯೇ ಕೇಳುತ್ತಾರೆ: "ಅಲ್ಲ ಮಾರಾಯ್ರೆ, ದುಡ್ಡು ಕೊಟ್ಟು ಇಂಥ ರಕ್ತಪಾತ ಯಾಕೆ ನೋಡಬೇಕು?"

ನೋಡಲೇಬೇಕೆಂದೇನಿಲ್ಲ. ಆದರೆ ಮಳೆಗಾಲದಲ್ಲಿ ಊರಿನ ಯಕ್ಷಗಾನ ಮೇಳ ಇಲ್ಲಿಗೆ ಬಂದಾಗ, ಮೊಮ್ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಂಡು ದುಶ್ಶಾಸನ ವಧೆಯನ್ನು ಕಣ್ಣು ಮಿಟುಕಿಸದೆ ನೋಡುವ ಅಜ್ಜಿಯಂದಿರೇ ಹೀಗೆ ಕೇಳುವುದು!

ಇದನ್ನೇ ದಂಧೆ ಮಾಡಿಕೊಂಡ ಥಿಯೇಟರೊಂದು ಪ್ಯಾರಿಸ್ಸಿನಲ್ಲಿತ್ತು, ಗ್ರಾಂ ಗಿನ್ಯೋಲ್. 1897ರಲ್ಲಿ ಹಳೆಯ ಪ್ರಾರ್ಥನಾಮಂದಿರವೊಂದರಲ್ಲಿ ಶುರುವಾಯಿತು. ಆಸನಗಳು ಮುನ್ನೂರಕ್ಕಿಂತ ಕಡಿಮೆ. ಕಣ್ಣು ಕೀಳುವುದು, ಕತ್ತು ಕೊಯ್ಯುವುದು ಎಲ್ಲ ಪ್ರೇಕ್ಷಕರ ಮೂಗಿನ ತುದಿಯಲ್ಲೇ. ಪೌಲಾ ಮಾಕ್ಸಾ ಎಂಬ ನಟಿ ಸಾವಿರಾರು ಸಲ ಕೊಲೆಯಾಗಿಯೇ ಹೆಸರು ಮಾಡಿದಳು. ಎಷ್ಟು ಜನ ಮೂರ್ಛೆ ಹೋದರು ಎಂದು ಎಣಿಸಿ ನಾಟಕದ ಗೆಲುವನ್ನು ಅಳೆಯುತ್ತಿದ್ದರಂತೆ. ಅರ್ಧ ಪ್ರಚಾರವೇ ಇರಬೇಕು. ನನಗೆ ಮೆಚ್ಚುಗೆಯಾಗುವುದು ಅವರ ಜೋಡಣೆ: ಒಂದೇ ರಾತ್ರಿ ಒಂದು ಭಯಾನಕ ನಾಟಕ, ಬೆನ್ನಿಗೇ ಪೋಲಿ ಪ್ರಹಸನ, ಮತ್ತೆ ಭಯಾನಕ. ನಕ್ಕು ಸಡಿಲಾದ ಮೈಗೆ ಚಾಕು ಬೇಗ ಇಳಿಯುತ್ತದೆ. ನಮ್ಮ ಹಾಸ್ಯಗಾರ ಇದನ್ನು ಯಾರಿಂದಲೂ ಕಲಿಯಬೇಕಿಲ್ಲ.

ಇನ್ನು ರಕ್ತ. ಆರತಿಗೆ ಕಲಸುವ ಅರಿಶಿನ-ಸುಣ್ಣದ ನೀರು ಬಣ್ಣಕ್ಕೆ ಚೆಂದ, ಆದರೆ ತೀರ ತೆಳು, ಸುಣ್ಣ ಕಣ್ಣಿಗೆ ಬಿದ್ದರೆ ಕಷ್ಟ. ಕ್ರಾಫರ್ಡ್ ಮಾರ್ಕೆಟ್ಟಿನ ಕೇಕ್ ಸಾಮಾನಿನ ಅಂಗಡಿಯಿಂದ ಲಿಕ್ವಿಡ್ ಗ್ಲೂಕೋಸ್, ಕೆಂಪು ಬಣ್ಣ ತಂದು ಚಿಟಿಕೆ ಕೋಕೋ ಹಾಕುತ್ತೇನೆ. ಕೋಕೋ ಮರೆತರೆ ದೀಪದಡಿ ಅದು ರೂಹ್ ಅಫ್ಜಾ ಶರಬತ್ತು ಚೆಲ್ಲಿದ ಹಾಗೆ ಕಾಣುತ್ತದೆ.

ಎರಡು ಚಮಚ ಸಾಕು. ಅಂಗೈಯಲ್ಲಿ ಅಡಗಿಸಿದ ಸ್ಪಂಜನ್ನು ಹಿಂಡುವ ಹೊತ್ತು ಮುಖ್ಯ. ಇರಿತವಾದ ಕೂಡಲೇ ನಟ ಕೂಗಬಾರದು. ಕೈ ಹೊಟ್ಟೆಗೆ ಹೋಗಬೇಕು, ಬೆರಳ ಸಂದಿಯಲ್ಲಿ ಕೆಂಪು ಇಣುಕಬೇಕು, ಪ್ರೇಕ್ಷಕ ಅದನ್ನು ಕಂಡಾದ ಮೇಲೆ ನಟ ಕೆಳಗೆ ನೋಡಬೇಕು. ಆ ನಡುವಿನ ಗಳಿಗೆಗೇ ಜನ ದುಡ್ಡು ಕೊಡುವುದು. ಬಕೆಟ್‌ಗಟ್ಟಲೆ ಸುರಿದರೆ ನಗುತ್ತಾರೆ.

ಗ್ರಾಂ ಗಿನ್ಯೋಲ್ 1962ರಲ್ಲಿ ಮುಚ್ಚಿತು. ನಾಜಿಗಳ ಹತ್ಯಾಶಿಬಿರಗಳ ಸುದ್ದಿ ತಿಳಿದವರಿಗೆ ರಂಗದ ಕೊಲೆ ಸಪ್ಪೆಯಾಯಿತು ಎಂಬುದು ಅದರ ಕೊನೆಯ ನಿರ್ದೇಶಕನ ವಾದ. ಹಾಗಿದ್ದರೆ ಮೊಬೈಲಿನಲ್ಲಿ ಸಕಲವನ್ನೂ ನೋಡಿರುವ ಇಂದಿನವರು ಬೆಚ್ಚಲೇಬಾರದಿತ್ತು. ಬೆಚ್ಚುತ್ತಾರೆ. ಎದುರಿಗೆ ಉಸಿರಾಡುವ ಮನುಷ್ಯನಿದ್ದಾನಲ್ಲ, ಅವನನ್ನು ಬೆರಳಿನಿಂದ ಸರಿಸಲಾಗದು.

ಬೇಡವೆನಿಸಿದವರು ಹಿಂದಿನ ಸಾಲು ಹಿಡಿಯಿರಿ. ಮುಂದೆ ಕೂರುವವರು ದಯವಿಟ್ಟು ಬಿಳಿ ಅಂಗಿ ಹಾಕಿಕೊಂಡು ಬರಬೇಡಿ.