ಶುಕ್ರವಾರದ ರಾತ್ರಿ, ಶನಿವಾರದ ಬೆಳಿಗ್ಗೆ

ಚಿಕ್ಕಮಗಳೂರಿನ ನಮ್ಮ ಶಾಲೆಯ ಹಾಸ್ಟೆಲಿಗೆ ನಾನು ಸೇರಿದ್ದು 2001ರಲ್ಲಿ, ಎಂಟನೆಯ ತರಗತಿಗೆ. ಕಾಫಿ ಬೆಳೆಗಾರರ ಮನೆಗಳಲ್ಲಿ ಆ ವರ್ಷಗಳನ್ನು ಯಾರೂ ಮರೆತಿಲ್ಲ. 1994ರಲ್ಲಿ ಬ್ರೆಜಿಲ್ಲಿನ ತೋಟಗಳು ಕಡುಚಳಿಗೆ ಸುಟ್ಟುಹೋದಾಗ ಇಲ್ಲಿ ಬೆಲೆ ಏರಿತ್ತು. ಆ ಭರವಸೆಯಲ್ಲಿ ಸಾಲ ತೆಗೆದು ತೋಟ ಹಿಗ್ಗಿಸಿದವರಲ್ಲಿ ನಮ್ಮ ಪಪ್ಪನೂ ಒಬ್ಬರು. ಮುಂದೆ ವಿಯೆಟ್ನಾಮಿನ ಕಾಫಿ ಜಗತ್ತಿನ ಮಾರುಕಟ್ಟೆಯನ್ನು ತುಂಬಿತು, ಬೆಲೆ ನೆಲ ಕಚ್ಚಿತು. ಆಲ್ದೂರಿನ ಕಡೆಯ ನಮ್ಮ ಸಣ್ಣ ತೋಟದಲ್ಲಿದ್ದದ್ದು ಅರೇಬಿಕಾ. ಬೆಲೆ ಬಿದ್ದ ಹೊತ್ತಿಗೇ ಬಿಳಿ ಕಾಂಡಕೊರಕವೂ ಹೊಕ್ಕಿತು. ಹುಳು ತಿಂದ ಗಿಡಕ್ಕೆ ಮದ್ದಿಲ್ಲ, ಬುಡಸಹಿತ ಕಿತ್ತು ಸುಡಬೇಕು. ರಜೆಗೆ ಹೋದಾಗಲೆಲ್ಲ ತೋಟದ ಒಂದೊಂದು ಮೂಲೆ ಬೋಳಾಗಿ ಕಾಣುತ್ತಿತ್ತು.

ನಮ್ಮ ಶಾಲೆಯಲ್ಲಿ ಶನಿವಾರದ ಪ್ರಾರ್ಥನೆಯ ಕೊನೆಗೆ ಒಂದು ರೂಢಿ ಇತ್ತು. ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಯಾರಾದರೂ ಇಬ್ಬರು ಮೂವರ ಹೆಸರು ಕರೆಯುವರು. ಆ ವಾರ ದೇವರಿಗೆ ಯಾವುದಕ್ಕಾಗಿ ಕೃತಜ್ಞತೆ ಸಲ್ಲಿಸುತ್ತೇವೆ ಎಂದು ಎಲ್ಲರ ಮುಂದೆ ಹೇಳಬೇಕು. ಕ್ರೈಸ್ತರು, ಹಿಂದೂಗಳು, ಮುಸ್ಲಿಮರು ಎಂಬ ಭೇದವಿರಲಿಲ್ಲ, ಅವರವರ ದೇವರಿಗೆ ಅವರವರು ಹೇಳಿದರೆ ಸಾಕು. ಆದರೆ ‘ಎಲ್ಲದಕ್ಕೂ’ ಎಂದು ಹೇಳುವಂತಿರಲಿಲ್ಲ. ಹಾಗೆ ಹೇಳಿದವರನ್ನು ಸಿಸ್ಟರ್ ಕೂರಲು ಬಿಡುತ್ತಿರಲಿಲ್ಲ. “ಎಲ್ಲದಕ್ಕೂ ಅಂದರೆ ಯಾವುದನ್ನೂ ನೋಡಿಲ್ಲ ಅಂತ ಅರ್ಥ. ಒಂದನ್ನು ಹೇಳು” ಎನ್ನುತ್ತಿದ್ದರು. ಹುಡುಗಿಯರು ಯೋಚಿಸಿ ಯೋಚಿಸಿ ಹೇಳುತ್ತಿದ್ದರು: ಅಕ್ಕನಿಗೆ ಜ್ವರ ಬಿಟ್ಟಿತು, ಕಡೂರಿನಿಂದ ಬರುವ ಬಸ್ಸು ನಮಗಾಗಿ ಕಾದಿತ್ತು, ಗಣಿತದ ಟೀಚರ್ ಮತ್ತೊಮ್ಮೆ ಹೇಳಿಕೊಟ್ಟರು.

2002ರಲ್ಲಿ ಮಳೆಯೂ ಕೈಕೊಟ್ಟಿತು. ಹಾಸ್ಟೆಲಿನ ಊಟದ ಹಣಕ್ಕೆ ಬದಲಾಗಿ ಪಪ್ಪ ಒಂದು ಮೂಟೆ ಅಕ್ಕಿ, ಎರಡು ಗೊನೆ ಬಾಳೆಕಾಯಿ ತಂದಿಳಿಸಿ, ಯಾರನ್ನೂ ಮಾತನಾಡಿಸದೆ ಹೊರಟುಹೋದ ವಾರದಲ್ಲಿಯೇ ಸಿಸ್ಟರ್ ನನ್ನ ಹೆಸರು ಕರೆದರು. ಎದ್ದು ನಿಂತೆ. “ಈ ವಾರ ನನಗೆ ಹೇಳುವುದಕ್ಕೆ ಏನೂ ಇಲ್ಲ, ಸಿಸ್ಟರ್” ಎಂದೆ. ಅಂಗಳದಲ್ಲಿ ಯಾರೋ ನಕ್ಕರು. ಸಿಸ್ಟರ್ ಮಾತ್ರ ನಗಲೂ ಇಲ್ಲ, ಗದರಲೂ ಇಲ್ಲ. “ಸರಿ. ದೇವರಿಗೆ ಸುಳ್ಳು ಹೇಳಲಿಲ್ಲವಲ್ಲ, ಕೂತುಕೋ” ಎಂದರು.

ಮುಂದಿನ ಶುಕ್ರವಾರ ರಾತ್ರಿ ಊಟವಾದ ಮೇಲೆ ನನ್ನನ್ನು ಕಾನ್ವೆಂಟಿನ ಪ್ರಾರ್ಥನಾಲಯಕ್ಕೆ ಕರೆದು ಹಿಂದಿನ ಬೆಂಚಿನಲ್ಲಿ ಕೂರಿಸಿದರು. ಸಿಸ್ಟರುಗಳು ಮಲಗುವ ಮುಂಚಿನ ಪ್ರಾರ್ಥನೆ ಹೇಳುತ್ತಿದ್ದರು. ಕಥೋಲಿಕ ಧರ್ಮಸಭೆಯ ದಿನದ ಜಪಗಳಲ್ಲಿ ಪ್ರತಿ ಶುಕ್ರವಾರ ರಾತ್ರಿಗೆ ನಿಗದಿಯಾಗಿರುವುದು ಬೈಬಲಿನ 88ನೆಯ ಕೀರ್ತನೆ. ಕೀರ್ತನೆಗಳ ಗ್ರಂಥದಲ್ಲಿ ಇಷ್ಟು ಕಡುದುಃಖದ ಹಾಡು ಬೇರೆಯಿಲ್ಲ. ಗೋಳಾಡುವ ಬೇರೆ ಕೀರ್ತನೆಗಳು ಹೆಚ್ಚಾಗಿ ಕೊನೆಗಾದರೂ ಭರವಸೆಯ ಕಡೆ ತಿರುಗುತ್ತವೆ. ಇದು ತಿರುಗುವುದಿಲ್ಲ. ದೇವರೇ, ಯಾಕೆ ನನ್ನನ್ನು ದೂಡಿದೆ, ಯಾಕೆ ಮುಖ ಮರೆಸಿಕೊಂಡೆ ಎಂದು ಕೇಳುತ್ತಾ ಹೋಗಿ ಕತ್ತಲೆಯ ಮಾತಿನಲ್ಲಿಯೇ ಮುಗಿದುಬಿಡುತ್ತದೆ. ಬದುಕೆಲ್ಲ ದೇವರಿಗೇ ಕೊಟ್ಟ ಈ ತಾಯಂದಿರು ವಾರಕ್ಕೊಮ್ಮೆ ತಪ್ಪದೆ ಇಂಥ ದೂರನ್ನು ದೇವರ ಮುಂದೆ ಇಡುತ್ತಾರೆ ಎಂಬುದು ನನಗೆ ಅಂದು ನಂಬಲಾಗದ ಸಂಗತಿಯಾಗಿತ್ತು.

ಹೊರಗೆ ಬಂದಾಗ ಸಿಸ್ಟರ್ ಹೇಳಿದರು: “ನಾಳೆ ಬೆಳಿಗ್ಗೆ ನಾವು 92ನೆಯದನ್ನು ಹಾಡುತ್ತೇವೆ.” ದೇವರಿಗೆ ಕೃತಜ್ಞತೆ ಸಲ್ಲಿಸುವುದು ಒಳ್ಳೆಯದು ಎಂದು ಆರಂಭವಾಗುವ ಆ ಕೀರ್ತನೆ ಶನಿವಾರ ಬೆಳಗಿನ ಜಪದಲ್ಲಿ ವಾರ ಬಿಟ್ಟು ವಾರ ಬರುತ್ತದೆ. ರಾತ್ರಿಯ ದೂರಿಗೆ ಉತ್ತರ ಸಿಕ್ಕಿತೆಂದು ಅದನ್ನು ಹಾಡುವುದಲ್ಲ, ದೂರು ಹಾಗೆಯೇ ಇರುವಾಗ ಹಾಡುವುದು. ನಮ್ಮ ಶಾಲೆಯ ರೂಢಿಗೆ ಶನಿವಾರವನ್ನೇ ಯಾಕೆ ಆರಿಸಿದ್ದರು ಎಂಬುದು ಆಗ ಗೊತ್ತಾಯಿತು.

ಇದನ್ನು ಇಷ್ಟು ವಿಸ್ತಾರವಾಗಿ ಬರೆಯುವುದಕ್ಕೆ ಕಾರಣವಿದೆ. ಕಷ್ಟದಲ್ಲಿರುವವರಿಗೆ ‘ಇದಕ್ಕೂ ದೇವರಿಗೆ ಸ್ತೋತ್ರ ಹೇಳಿ’ ಎಂದು ಉಪದೇಶಿಸುವವರನ್ನು ನಾನು ಬಹಳ ಕಂಡಿದ್ದೇನೆ. ಹುಳು ಬಿದ್ದ ಗಿಡಕ್ಕಾಗಿ, ಬ್ಯಾಂಕಿನ ನೋಟಿಸಿಗಾಗಿ ಸ್ತೋತ್ರ ಹೇಳು ಎಂದು ಸಂತ ಪೌಲರು ಥೆಸಲೋನಿಕದವರಿಗೆ ಬರೆಯಲಿಲ್ಲ. ಎಂಥ ಸ್ಥಿತಿಯಲ್ಲಿದ್ದರೂ ಕೃತಜ್ಞರಾಗಿರಿ ಎಂದು ಬರೆದರು. ಹಾಗೆ ಬರೆದವರು ಫಿಲಿಪ್ಪಿಯ ಸೆರೆಮನೆಯಲ್ಲಿ ಏಟು ತಿಂದ ಮೈಯಲ್ಲಿ, ಕಾಲಿಗೆ ಕೋಳ ಹಾಕಿಸಿಕೊಂಡು ನಡುರಾತ್ರಿ ಸಂಗಾತಿ ಸೀಲನೊಂದಿಗೆ ಹಾಡಿದ್ದವರು. ಯೇಸುಸ್ವಾಮಿ ರೊಟ್ಟಿಯನ್ನು ಕೈಗೆ ತೆಗೆದುಕೊಂಡು ಸ್ತೋತ್ರ ಸಲ್ಲಿಸಿದ್ದು ಶಿಷ್ಯನೊಬ್ಬ ಹಿಡಿದುಕೊಟ್ಟ ರಾತ್ರಿಯಲ್ಲಿಯೇ. ಅದೇ ರಾತ್ರಿ ಗೆತ್ಸೆಮನೆಯಲ್ಲಿ, ಈ ಕಷ್ಟದ ಪಾತ್ರೆ ನನ್ನಿಂದ ದೂರವಾಗಲಿ ಎಂದೂ ಬೇಡಿಕೊಂಡರು. ಎರಡೂ ಪ್ರಾರ್ಥನೆ ಒಂದೇ ಬಾಯಿಂದ ಬಂದವು.

ಸೆಪ್ಟೆಂಬರ್ 8, ಯೇಸುವಿನ ತಾಯಿ ಮರಿಯಮ್ಮನವರ ಜನ್ಮದಿನ, ನಮ್ಮ ತೆನೆಹಬ್ಬ. ಆ ವರ್ಷ ಅದು ಭಾನುವಾರ ಬಂದಿದ್ದರಿಂದ ಮನೆಗೆ ಹೋಗಿದ್ದೆ. ಒಂಬತ್ತು ದಿನ ಹೂವು ಅರ್ಪಿಸಿದ ಮಕ್ಕಳು ಎಂದಿನಂತೆ ಹಬ್ಬಕ್ಕೆ ಹಂಚುವ ಕಬ್ಬಿಗಾಗಿ ಕಾಯುತ್ತಿದ್ದರು. ನಮ್ಮ ಗದ್ದೆಗಳಲ್ಲಿ ಆಗಿನ್ನೂ ಪೈರು ಹಸಿರು, ಆಶೀರ್ವದಿಸುವ ತೆನೆ ಘಟ್ಟದ ಕೆಳಗಿನಿಂದ ಬರುತ್ತಿತ್ತು. ಮನೆಯಲ್ಲಿ ಅಜ್ಜಿ ಆ ತೆನೆಯ ಕಾಳು ಸುಲಿದು, ಅರೆದು, ತೆಂಗಿನ ಹಾಲಿನಲ್ಲಿ ಬೆರೆಸಿ, ಊಟಕ್ಕೆ ಮೊದಲು ಎಲ್ಲರ ಕೈಗೂ ಒಂದೊಂದು ಚಮಚ ಹಾಕಿದರು. ಪ್ರಾರ್ಥನೆ ನಡೆಸಬೇಕಾದ ಪಪ್ಪ ಬಹಳ ಹೊತ್ತು ಸುಮ್ಮನಿದ್ದರು. ನಮ್ಮ ಶನಿವಾರದ ರೂಢಿ ಅವರಿಗೆ ತಿಳಿದಿರಲಿಲ್ಲ. ಆದರೂ ಅವರು ‘ಎಲ್ಲದಕ್ಕೂ’ ಎನ್ನಲಿಲ್ಲ. ಹಿಂದಿನ ಕೊಯ್ಲಿನಲ್ಲಿ ಮೆಣಸು ಮಾರಿದ ಮೇಲೆ ಕೂಲಿ ಕೊಟ್ಟರೆ ಸಾಕೆಂದು ಒಪ್ಪಿ ಕಾಫಿ ಹಣ್ಣು ಕುಯ್ದುಕೊಟ್ಟ, ತೋಟದ ಕೂಲಿಯವರ ಸಾಲುಮನೆಗಳಾದ ಲೈನ್ ಮನೆಯವರ ಹೆಸರುಗಳನ್ನು ಒಬ್ಬೊಬ್ಬರದಾಗಿ ಹೇಳಿ, “ಇವರಿಗಾಗಿ, ಸ್ವಾಮಿ” ಎಂದರು. ಅವರ ಕಣ್ಣಲ್ಲಿ ನೀರು ನೋಡಿದ್ದು ನನಗೆ ಅದೇ ಮೊದಲು.

ಕೂಲಿಯವರ ಬಾಕಿ ದೇವರ ಕಿವಿಗೆ ಕೂಗಿ ಹೇಳುತ್ತದೆ ಎಂದು ಯಕೋಬನ ಪತ್ರದಲ್ಲಿದೆ. ಇದು ಪಪ್ಪನಿಗೆ ಬಾಯಿಪಾಠವಾಗಿತ್ತು. ಕ್ರಿಸ್ಮಸ್ಸಿಗೆ ಮುಂಚೆ ನಮ್ಮ ಜೀಪನ್ನು ಮಾರಿ ಅವರು ಆ ಬಾಕಿಯನ್ನು ತೀರಿಸಿದರು. ಗುಡಿಯಲ್ಲಿ ಸ್ತುತಿ ಹಾಡಿ ಹೊರಗೆ ಬಂದು ದುಡಿದವರ ಲೆಕ್ಕವನ್ನು ಮುಂದೂಡುವ ಭಕ್ತಿಯನ್ನು ಅವರು ಎಂದೂ ಒಪ್ಪಲಿಲ್ಲ, ನಾನೂ ಒಪ್ಪುವುದಿಲ್ಲ.

ಸಾಲ ತೀರಲು ವರ್ಷಗಳೇ ಹಿಡಿದವು. ಬೋಳಾದ ಜಾಗದಲ್ಲಿ ಹೊಸ ಗಿಡ ಬಂದಿದೆ, ಕೆಲವು ಕಡೆ ರೊಬಸ್ಟಾ ಹಾಕಿದ್ದೇವೆ. 2025ರ ಆರಂಭದಲ್ಲಿ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂದಾಗ ಪಪ್ಪ ಮೊದಲು ವಿಚಾರಿಸಿದ್ದು ಅಂದಿನ ಲೈನ್ ಮನೆಗಳಿಂದ ಯಾರು ಯಾರು ಎಲ್ಲೆಲ್ಲಿದ್ದಾರೆ ಎಂದು. ಕೆಲವರು ತೀರಿಕೊಂಡಿದ್ದಾರೆ. ಒಬ್ಬರ ಮೊಮ್ಮಗಳು ಈ ಜೂನ್‌ನಲ್ಲಿ ನಮ್ಮ ಶಾಲೆಗೇ ಎಂಟನೆಯ ತರಗತಿಗೆ ಸೇರಿದ್ದಾಳೆ. ಅವಳ ಶುಲ್ಕವನ್ನು ಪಪ್ಪನೇ ಕಟ್ಟುತ್ತಿದ್ದಾರೆ.