ಗಮನ ಅಳೆಯುವಾಗ ಸರಾಸರಿಯನ್ನು ನೆಚ್ಚಬೇಡಿ

ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳ ತುಂಬಿಕೊಂಡು ಸಂಜೆ ಹೊರಟ ಲಾರಿಯೊಂದು ಚಿತ್ರದುರ್ಗ ದಾಟಿ ಹಿರಿಯೂರಿನ ಕಡೆ ಓಡುತ್ತಿದೆ ಎನ್ನಿ. ಗಂಟೆಗೆ 80 ಕಿ.ಮೀ. ವೇಗವಿದ್ದರೆ ಅರ್ಧ ಸೆಕೆಂಡಿನಲ್ಲಿ ಅದು 11 ಮೀಟರ್ ಮುಂದಕ್ಕೆ ಹೋಗಿರುತ್ತದೆ. ಎಚ್ಚರ ಅಳೆಯುವ ಪಿವಿಟಿ, ಅಂದರೆ ಸೈಕೋಮೋಟರ್ ವಿಜಿಲೆನ್ಸ್ ಟಾಸ್ಕ್ ಎಂಬ ಪರೀಕ್ಷೆ, ಲೆಕ್ಕ ಹಿಡಿಯುವುದೂ ಅಷ್ಟೇ ಹೊತ್ತನ್ನು. 500 ಮಿಲಿಸೆಕೆಂಡ್ ಅಥವಾ ಅದಕ್ಕೂ ತಡವಾಗಿ ಗುಂಡಿ ಒತ್ತಿದರೆ ಅದೊಂದು ಲ್ಯಾಪ್ಸ್, ಅಂದರೆ ಗಮನ ತಪ್ಪಿದ ಗಳಿಗೆ.

ಪರೀಕ್ಷೆ ಸರಳ. 10 ನಿಮಿಷ ಪರದೆ ನೋಡುತ್ತಾ ಕೂರಬೇಕು, ಗುರುತು ಕಂಡ ಕೂಡಲೇ ಒತ್ತಬೇಕು. ಎರಡು ಗುರುತುಗಳ ನಡುವಿನ ಬಿಡುವು 2ರಿಂದ 10 ಸೆಕೆಂಡ್, ಅದೂ ಪ್ರತಿ ಸಲ ಬೇರೆ ಬೇರೆ. ಬಿಡುವು ಒಂದೇ ಸಮ ಇದ್ದರೆ ಕೈ ತಾಳಕ್ಕೆ ಹೊಂದಿಕೊಂಡು ಕಣ್ಣಿಗೆ ಕಾಣುವ ಮೊದಲೇ ಒತ್ತಿಬಿಡುತ್ತದೆ. 100 ಮಿಲಿಸೆಕೆಂಡಿಗಿಂತ ಬೇಗ ಬಂದ ಉತ್ತರವನ್ನು ಚುರುಕು ಅನ್ನಬೇಡಿ, ಅದು ಊಹೆ. ಬೇರೆಯಾಗಿ ಎಣಿಸಿಡಿ.

ಈಗ ಒಬ್ಬರ 10 ಉತ್ತರಗಳನ್ನು ಮಿಲಿಸೆಕೆಂಡಿನಲ್ಲಿ ನೋಡೋಣ: 240, 252, 248, 260, 255, 245, 258, 250, 242, 750. ಸರಾಸರಿ 300. ಇನ್ನೊಬ್ಬರದು ಹತ್ತಕ್ಕೆ ಹತ್ತೂ 290ರಿಂದ 310ರ ಒಳಗೇ ಇದ್ದು, ಸರಾಸರಿ ಅದೇ 300 ಅಂದುಕೊಳ್ಳಿ. ಕಾಗದದ ಮೇಲೆ ಇಬ್ಬರೂ ಒಂದೇ. ಆದರೆ ಎರಡನೆಯವರು ನಿಧಾನ, ಮೊದಲನೆಯವರು ನಡುವೆ ಒಮ್ಮೆ ಇಲ್ಲವಾಗಿದ್ದಾರೆ. ನಿದ್ದೆಗೆಟ್ಟವರಲ್ಲಿ ಎದ್ದು ಕಾಣುವುದೇ ಈ ಇಲ್ಲವಾಗುವಿಕೆ. ಬಹುಪಾಲು ಉತ್ತರಗಳು ಚೆನ್ನಾಗಿಯೇ ಇರುತ್ತವೆ, ನಡುನಡುವೆ ಒಮ್ಮೆ ಗಮನ ತಪ್ಪುತ್ತದೆ. ಆದ್ದರಿಂದ ಮಧ್ಯಾಂಕ (ಉತ್ತರಗಳನ್ನು ಏರಿಕೆ ಕ್ರಮದಲ್ಲಿ ಇಟ್ಟಾಗ ನಡುವೆ ಬರುವ ಅಂಕಿ), ಲ್ಯಾಪ್ಸ್‌ಗಳ ಸಂಖ್ಯೆ, ಊಹೆಯ ಒತ್ತುಗಳು, ಈ ಮೂರನ್ನೂ ಬರೆಯದ ವರದಿಯನ್ನು ನಾನು ಪೂರ್ಣ ಎಂದು ಒಪ್ಪುವುದಿಲ್ಲ. 3 ನಿಮಿಷದ ಕಿರು ಆವೃತ್ತಿಯೂ ಇದೆ. ಅದರಲ್ಲಿ ಲ್ಯಾಪ್ಸ್‌ನ ಗಡಿ 355 ಮಿಲಿಸೆಕೆಂಡ್, ಹಾಗಾಗಿ ಎರಡರ ಅಂಕಿಗಳನ್ನು ಒಂದೇ ಪಟ್ಟಿಗೆ ಸೇರಿಸಬಾರದು.

ಕೆಡುವುದು ಹೆಚ್ಚಾಗಿ ಯಂತ್ರದ ಕಡೆಯಿಂದ. 60 ಹರ್ಟ್ಜ್ ಪರದೆ ಬದಲಾಗುವುದೇ 16.7 ಮಿಲಿಸೆಕೆಂಡಿಗೊಮ್ಮೆ. ಮೊಬೈಲ್ ಟಚ್ ಇನ್ನೂ ಹತ್ತಾರು ಮಿಲಿಸೆಕೆಂಡ್ ತಿನ್ನುತ್ತದೆ. ಫೋನು 80 ತಡ ಮಾಡಿದರೆ, ನಿಜವಾಗಿ 420ಕ್ಕೆ ಒತ್ತಿದವರೂ ಲ್ಯಾಪ್ಸ್ ಲೆಕ್ಕಕ್ಕೆ ಬೀಳುತ್ತಾರೆ. ಒಂದೇ ಸಮನಾದ ತಡವನ್ನು ಕಳೆದುಬಿಡಬಹುದು, ಏರಿಳಿಯುವ ತಡಕ್ಕೆ ಮದ್ದಿಲ್ಲ. ಹೋಲಿಸಬೇಕಾದ ಎಲ್ಲರಿಗೂ ಒಂದೇ ಲ್ಯಾಪ್‌ಟಾಪ್, ವೈರ್ ಇರುವ ಒಂದೇ ಮೌಸ್ ಕೊಡಿ.

ನಮ್ಮ ಕಡೆ ಇದಕ್ಕೆ ಕರೆಂಟಿನ ಕಾಟವೂ ಸೇರುತ್ತದೆ. ಪರೀಕ್ಷೆಯ ನಡುವೆ ಕರೆಂಟ್ ಹೋದರೆ ಲ್ಯಾಪ್‌ಟಾಪ್ ಬ್ಯಾಟರಿಗೆ ಬಂದು ಪರದೆಯನ್ನು ಮಂಕು ಮಾಡುತ್ತದೆ. ಮಂಕು ಗುರುತಿಗೆ ಮನುಷ್ಯನ ಪ್ರತಿಕ್ರಿಯೆ ನಿಧಾನವಾಗುತ್ತದೆ, ಆಮೇಲೆ ಅದನ್ನೇ ಆಯಾಸ ಎಂದು ಓದಿಬಿಡುತ್ತೇವೆ. ಪವರ್ ಸೇವರ್ ಆಫ್ ಮಾಡಿ, ಬೆಳಕಿನ ಮಟ್ಟ ಕದಲದಂತೆ ಇಡಿ. ಹೊತ್ತನ್ನೂ ಗುರುತು ಹಾಕಿಕೊಳ್ಳಿ. ಮಧ್ಯಾಹ್ನ ಊಟವಾದ ಮೇಲಿನ ಮಂಪರು ಬೇರೆ, ಬೆಳಗಿನ ಜಾವದ ಮಂಪರು ಬೇರೆ. ಚಹಾ ಕುಡಿದು ಎಷ್ಟು ಹೊತ್ತಾಯಿತು ಎಂದು ಕೇಳಲೇಬೇಕು.

ಕಾಲೇಜುಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಸ್ಟ್ರೂಪ್ ಪರೀಕ್ಷೆಯಲ್ಲಿ ತೊಡಕು ಬೇರೆ ಥರ. ಕೆಂಪು ಶಾಯಿಯಲ್ಲಿ 'ನೀಲಿ' ಎಂದು ಬರೆದಿದ್ದರೆ 'ಕೆಂಪು' ಎನ್ನಬೇಕು. ಓದು ತಾನಾಗಿ ನುಗ್ಗಿ ಬರುವುದರಿಂದ ತಡವಾಗುತ್ತದೆ, ಆ ತಡವೇ ಅಳತೆ. ಕನ್ನಡ ಮಾಧ್ಯಮದ ಹುಡುಗಿಯ ಕೈಗೆ ಇಂಗ್ಲಿಷ್ ಪದಗಳ ಹಾಳೆ ಕೊಟ್ಟರೆ ಓದು ಅಷ್ಟು ಜೋರಾಗಿ ನುಗ್ಗದೆ ಇರಬಹುದು. ಆಗ ತಡ ಕಡಿಮೆ ಬಂದು, ಆಕೆಯ ಗಮನ ಇರುವುದಕ್ಕಿಂತ ಗಟ್ಟಿಯಾಗಿ ಕಾಣುತ್ತದೆ. ಅವರವರು ಸಲೀಸಾಗಿ ಓದುವ ಲಿಪಿಯನ್ನೇ ಕೊಡಿ. ಕೆಂಪು-ಹಸಿರು ಗುರುತಿಸಲು ಕಷ್ಟಪಡುವವರನ್ನು ಬಣ್ಣದ ಚುಕ್ಕೆಗಳ ನಡುವೆ ಅಂಕಿ ಅಡಗಿಸಿದ ಇಶಿಹಾರಾ ಹಾಳೆಗಳಿಂದ ಮೊದಲೇ ಪತ್ತೆಹಚ್ಚಿ. ಮೈಕ್‌ನಲ್ಲಿ ಉತ್ತರ ಹಿಡಿಯುವವರಿಗೆ ಇನ್ನೊಂದು ಮಾತು: 'ಕೆಂಪು' ಪದದ 'ಕ' ಒಡೆದು ಬರುವ ದನಿ, ಮೈಕ್ ತಕ್ಷಣ ಹಿಡಿಯುತ್ತದೆ. 'ಹಸಿರು', 'ಹಳದಿ' ಉಸಿರಿನಿಂದ ಶುರುವಾಗುವುದರಿಂದ ತಡವಾಗಿ ದಾಖಲಾಗುತ್ತವೆ. ಬಣ್ಣಗಳನ್ನು ಒಂದಕ್ಕೊಂದು ಹೋಲಿಸದೆ, ಅದೇ ಬಣ್ಣದ ಶಾಯಿಗೆ ಹೊಂದುವ ಹಾಗೂ ಹೊಂದದ ಪದಗಳ ನಡುವಿನ ವ್ಯತ್ಯಾಸವನ್ನಷ್ಟೇ ತೆಗೆಯಿರಿ.