ಕಾರ್ಸೆಟ್ ಕಟ್ಟುವ ಕೈ ನೋಡಿ ಇಂಗ್ಲಿಷ್

ಚಾರಿತ್ರಿಕ ಧಾರಾವಾಹಿ ನೋಡಿ ಇಂಗ್ಲಿಷ್ ಕಲಿಯಲು ಹೊರಟವರು ಮೊದಲು ಬೆನ್ನು ಹತ್ತುವುದು ಸಂಭಾಷಣೆಯನ್ನು. ಎಡವುವುದೂ ಅಲ್ಲೇ. ಇನ್ನೂರು ವರ್ಷದ ಹಿಂದಿನ ಜಮೀನ್ದಾರರ ಮನೆಯ ಮಾತನ್ನು ನಾಳೆ ಆಫೀಸಿನಲ್ಲಿ ಆಡಿದರೆ ಎದುರಿನವರು ಕಣ್ಣು ಕಣ್ಣು ಬಿಡುತ್ತಾರೆ. ಪದ ನಿಜವಾಗಿ ಕೈಗೆ ಹತ್ತುವುದು ಆ ಧಾರಾವಾಹಿ ಹೇಗೆ ತಯಾರಾಯಿತೆಂದು ತೋರಿಸುವ ತುಣುಕುಗಳಲ್ಲಿ. ಅಲ್ಲಿ ದರ್ಜಿಗಳು, ಬಡಗಿಗಳು, ಬೆಳಕಿನವರು ಇವತ್ತಿನ ಇಂಗ್ಲಿಷಿನಲ್ಲೇ ಮಾತಾಡುತ್ತಾರೆ. ವಸ್ತುವಿನ ಹೆಸರು ಬಾಯಿಗೆ ಬರುವಾಗ ಆ ವಸ್ತು ಕೈಯಲ್ಲೇ ಇರುತ್ತದೆ.

ಒಂದು ಭಾನುವಾರಕ್ಕೆ ಇಂಥ ಮೂರು ತುಣುಕು ಸಾಕು: ಬೆಳಿಗ್ಗೆ ಉಡುಪು, ಮಧ್ಯಾಹ್ನ ಅಡುಗೆಮನೆ, ದೀಪ ಹಚ್ಚುವ ಹೊತ್ತಿಗೆ ಬೆಳಕು. ಒಂದೊಂದೂ ಎರಡು ನಿಮಿಷ ಮೀರಬಾರದು. ಮೊದಲ ಸಲ ದನಿ ಮುಚ್ಚಿ ನೋಡಬೇಕು, ಕೈ ಏನು ಮಾಡುತ್ತಿದೆ ಎಂದು ಕನ್ನಡದಲ್ಲಿ ಬರೆದುಕೊಳ್ಳಬೇಕು. ಎರಡನೇ ಸಲ ದನಿ ಹಾಕಿ, ಬರೆದ ಪ್ರತಿ ಕೆಲಸದ ಎದುರು ಕೇಳಿದ ಕ್ರಿಯಾಪದವನ್ನು ಕೇಳಿದ ಹಾಗೇ ಗೀಚಬೇಕು. ಮೂರನೇ ಸಲ ಸಬ್‌ಟೈಟಲ್. ಯಂತ್ರ ತಾನೇ ಬರೆದ ಸಬ್‌ಟೈಟಲ್ ಆಗಿದ್ದರೆ ನಿಘಂಟು ಪಕ್ಕದಲ್ಲಿರಲಿ, ಅದು ತಪ್ಪುವುದು ಇಂಥ ಅಪರೂಪದ ಪದಗಳಲ್ಲೇ.

ಬೆಳಗಿನ ತುಣುಕಿನಲ್ಲಿ 1912ರ ಹೆಂಗಸಿಗೆ ಉಡುಪು ತೊಡಿಸುತ್ತಾರೆ. ಮೊದಲು ಶಮೀಜ್ ಎಂಬ ಒಳಅಂಗಿ, ಆಮೇಲೆ ಸ್ಟಾಕಿಂಗ್ಸ್, ಅದರ ಹಿಂದೆಯೇ ಬೂಟು. ಕಾರ್ಸೆಟ್‌ಗಿಂತ ಮೊದಲು ಬೂಟು ಯಾಕೆ? ಕಾರ್ಸೆಟ್ ಸೊಂಟ ಬಿಗಿಯುವ ಗಟ್ಟಿ ಒಳಉಡುಪು, ಅದನ್ನು ಬಿಗಿದ ಮೇಲೆ ಬಗ್ಗಲಾಗುವುದಿಲ್ಲ. ಕಾರಣ ಒಮ್ಮೆ ತಿಳಿದರೆ ಕ್ರಮ ಮರೆಯುವುದಿಲ್ಲ, ಕ್ರಮ ನೆನಪಿದ್ದರೆ ಪದಗಳು ಅದೇ ಸಾಲಿನಲ್ಲಿ ಬಂದು ನಿಲ್ಲುತ್ತವೆ.

ಕಾರ್ಸೆಟ್ ಹತ್ತಿರದಿಂದ ನೋಡುವಂಥದ್ದು. ಮುಂಭಾಗದಲ್ಲಿ ಎರಡು ಉಕ್ಕಿನ ಪಟ್ಟಿ. ಒಂದರಲ್ಲಿ ಗುಂಡಿಯಂಥ ಸ್ಟಡ್‌ಗಳು, ಇನ್ನೊಂದರಲ್ಲಿ ಅವು ಕೂರುವ ಕುಣಿಕೆಗಳು. ಈ ಜೋಡಿಯ ಹೆಸರು ಬಸ್ಕ್. ಬೆನ್ನ ಹಿಂದೆ ಲೇಸ್. ಉಡುಪಿನವಳು ಮೊದಲು ಲೇಸನ್ನು ಚೆನ್ನಾಗಿ ಸಡಿಲಿಸುತ್ತಾಳೆ, ಅದು ಲೂಸನ್. ಆಮೇಲೆ ಮುಂದೆ ಬಸ್ಕ್ ಹಾಕುತ್ತಾಳೆ, ಫಾಸನ್. ಕೊನೆಗೆ ಸೊಂಟದ ಹತ್ತಿರ ಬಿಟ್ಟಿರುವ ಎರಡು ಕುಣಿಕೆ ಹಿಡಿದು ಮೇಲಿನಿಂದಲೂ ಕೆಳಗಿನಿಂದಲೂ ಸಡಿಲವನ್ನು ನಡುವಿಗೆ ಎಳೆದು ತರುತ್ತಾಳೆ, ಟೈಟನ್. ಗಂಟು ಹಾಕುವುದು ಟೈ ಆಫ್. ಬಿಚ್ಚುವಾಗ ಲೇಸ್ ಸಡಿಲಿಸದೆ ಬಸ್ಕ್‌ಗೆ ಕೈ ಹಾಕಿದರೆ ಪಟ್ಟಿ ಬಾಗುತ್ತದೆ, ಸ್ಟಡ್ ಕಿತ್ತುಬರುತ್ತದೆ. ನಾಲ್ಕು ಕ್ರಿಯಾಪದ, ನಾಲ್ಕೂ ಇಂದಿಗೂ ದಿನಬಳಕೆಯವು. ಬೂಟಿನ ಲೇಸಿಗೂ ಪ್ರಯಾಣದ ಚೀಲದ ಪಟ್ಟಿಗೂ ಇವೇ ಒದಗುತ್ತವೆ.

ಈ ಬಿಗಿತದಿಂದಲೇ ಸ್ಟ್ರೇಟ್‌ಲೇಸ್ಡ್ ಎಂಬ ಮಾತು ಬಂತು: ಮಡಿವಂತಿಕೆಯ, ಸಡಿಲವೇ ಇಲ್ಲದ ಸ್ವಭಾವ. ಇಲ್ಲಿಯ ಸ್ಟ್ರೇಟ್ ಎಂದರೆ ನೇರ ಅಲ್ಲ, ಇಕ್ಕಟ್ಟು. ಕಾಗುಣಿತದಲ್ಲಿ ಜಿ, ಎಚ್ ಎರಡೂ ಇರುವುದಿಲ್ಲ. ಭೂಗೋಳದ ಪಾಠದಲ್ಲಿ ಜಲಸಂಧಿಗೆ ಸ್ಟ್ರೇಟ್ ಎಂದು ಓದಿದ್ದೆವಲ್ಲ, ಆ ಇಕ್ಕಟ್ಟಾದ ನೀರೇ ಇದು. ಇಂಗ್ಲಿಷ್ ಮನೆಮಾತಿನವರೂ ನೇರದ ಕಾಗುಣಿತ ಬರೆದುಬಿಡುವುದುಂಟು.

ಕಥೆಯ ಕಾಲ ಗಮನಿಸದಿದ್ದರೆ ಪದ ತಪ್ಪಾಗಿ ಅಂಟಿಕೊಳ್ಳುತ್ತದೆ. 1810ರ ಸುಮಾರಿನ ಕಥೆಯಲ್ಲಿ ಆ ಒಳಉಡುಪಿನ ಹೆಸರು ಹೆಚ್ಚಾಗಿ ಸ್ಟೇಸ್. ಮುಂದೆ ತೆರೆಯುವ ಉಕ್ಕಿನ ಬಸ್ಕ್ ಬಂದದ್ದು ಹತ್ತೊಂಬತ್ತನೇ ಶತಮಾನದ ನಡುವಿನ ಹೊತ್ತಿಗೆ. ಲಂಗವನ್ನು ಅಗಲಕ್ಕೆ ಹರಡುವ ಕ್ರಿನೊಲಿನ್‌ನ ಉಕ್ಕಿನ ಪಂಜರ 1850ರ ದಶಕದ್ದು, ಬೆನ್ನ ಹಿಂದೆ ಉಬ್ಬುವ ಬಸಲ್ ಅದರ ನಂತರದ್ದು. ಆದ್ದರಿಂದ ನೋಟ್‌ಬುಕ್ಕಿನಲ್ಲಿ ಪದದ ಪಕ್ಕ ಇಸವಿಗೂ ಒಂದು ಕಾಲಂ ಇರಲಿ. ದೇಶ ಬದಲಾದರೂ ಅರ್ಥ ಬದಲಾಗುತ್ತದೆ. ಹೊಸ ಉಡುಪನ್ನು ಮೊದಲು ಅಗ್ಗದ ಬಟ್ಟೆಯಲ್ಲಿ ಹೊಲಿದು ಅಳತೆ ನೋಡುತ್ತಾರೆ; ಆ ಮಾದರಿಗೆ ಟ್ವಾಲ್, ಬಟ್ಟೆಗೆ ಕ್ಯಾಲಿಕೊ. ನಮ್ಮ ಕಲ್ಲಿಕೋಟೆಯ ಹೆಸರೇ ಅದು. ಇಂಗ್ಲೆಂಡಿನಲ್ಲಿ ಕ್ಯಾಲಿಕೊ ಎಂದರೆ ಬಿಳುಪು ಮಾಡದ ಸಾದಾ ಹತ್ತಿ ಬಟ್ಟೆ, ಅಮೆರಿಕದಲ್ಲಿ ಹೂವಿನ ಅಚ್ಚಿನ ಬಟ್ಟೆ.

ಹೊಲಿದ ಹೊಸ ಕೋಟನ್ನು ಹಳೆಯದು ಮಾಡುವ ಕೆಲಸಕ್ಕೆ ಬ್ರೇಕ್‌ಡೌನ್ ಎನ್ನುತ್ತಾರೆ. ನಮಗೆ ಬಸ್ಸು ಕೆಟ್ಟು ನಿಲ್ಲುವುದಷ್ಟೇ ಬ್ರೇಕ್‌ಡೌನ್, ಅವರಿಗೆ ಅದು ದಿನದ ಕಸುಬು. ಕೊಬ್ಬರಿ ತುರಿಯುವಂಥ ತುರಿಮಣೆಯಿಂದ ಮೊಣಕೈ ಉಜ್ಜುತ್ತಾರೆ, ತೋಳಿನ ಅಂಚಿಗೆ ಮರಳುಕಾಗದ ಹಾಕುತ್ತಾರೆ, ಜೇಬಿನ ಬಾಯನ್ನು ಜೋತುಬೀಳಿಸುತ್ತಾರೆ. ಕೊಳೆಯನ್ನು ಎಲ್ಲ ಕಡೆ ಒಂದೇ ಸಮ ಬಳಿದರೆ ಬಣ್ಣ ಬಳಿದ ಹಾಗೆ ಕಾಣುತ್ತದೆ. ಬಟ್ಟೆ ಸವೆಯುವುದು ದಿನಾ ಕೈ ತಾಗುವಲ್ಲಿ. ಧೂಳಿಗೆ ಹಾಕುವುದು ಫುಲರ್ಸ್ ಅರ್ತ್, ಅಂದರೆ ನಾವು ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿ. ಫುಲರ್ ಎಂದರೆ ನೇಯ್ದ ಉಣ್ಣೆ ಬಟ್ಟೆಯ ಜಿಡ್ಡು ತೆಗೆದು ತುಳಿದು ಗಟ್ಟಿ ಮಾಡುವವನು. ಒದ್ದೆ ಬಟ್ಟೆ ಕುಗ್ಗದಂತೆ ಟೆಂಟರ್ ಎಂಬ ಚೌಕಟ್ಟಿಗೆ ಕೊಕ್ಕೆಗಳಿಂದ ಎಳೆದು ಕಟ್ಟುತ್ತಿದ್ದರು. ಏನಾಗುವುದೋ ಎಂದು ಉಸಿರು ಬಿಗಿಹಿಡಿದು ಕಾಯುವವರು ಆನ್ ಟೆಂಟರ್‌ಹುಕ್ಸ್ ಇರುವುದು ಇದೇ ಕೊಕ್ಕೆಗಳ ಮೇಲೆ. ಟೆಂಡರ್‌ಹುಕ್ಸ್ ಎನ್ನುವುದು ತಪ್ಪು. ಒಂದು ಹಿಡಿ ಧೂಳಿನಿಂದ ಒಂದು ನುಡಿಗಟ್ಟಿನವರೆಗೆ ಹೀಗೆ ದಾರಿ ಸಿಕ್ಕಿದಾಗ ಆಗುವ ಖುಷಿಯನ್ನು ಪದಪಟ್ಟಿಯ ಪುಸ್ತಕ ಕೊಡಲಾರದು.

ಅಡುಗೆಮನೆಯ ಪದಗಳಿಗೆ ಒಳ್ಳೆಯ ಉದಾಹರಣೆ ‘ಡೌನ್‌ಟನ್ ಅಬೆ’. 2010ರಿಂದ 2015ರವರೆಗೆ ಬಂದ ಆ ಧಾರಾವಾಹಿಯ ಮಹಡಿ ಮನೆ ಹ್ಯಾಂಪ್‌ಷೈರಿನ ಹೈಕ್ಲಿಯರ್ ಕ್ಯಾಸಲ್. ಕೆಳಗಿನ ಅಡುಗೆಮನೆ, ಆಳುಗಳ ಊಟದ ಕೋಣೆ ಲಂಡನ್ನಿನ ಈಲಿಂಗ್ ಸ್ಟುಡಿಯೊದಲ್ಲಿ ಕಟ್ಟಿದ ಸೆಟ್. ಮೆಟ್ಟಿಲ ಬುಡದಲ್ಲಿ ಎತ್ತಿಕೊಂಡ ತಟ್ಟೆ ಮೇಲಿನ ಮೇಜಿಗೆ ತಲುಪುವುದು ಸುಮಾರು 90 ಕಿ.ಮೀ. ದೂರದಲ್ಲಿ, ಬೇರೊಂದು ದಿನ. ತಟ್ಟೆಯ ಪಲ್ಯ ಅದೇ ಇರಬೇಕು, ಕೈಗವುಸಿನ ಗುಂಡಿಯೂ ಹಾಗೇ ಇರಬೇಕು. ಆ ಹೊಂದಿಕೆಯೇ ಕಂಟಿನ್ಯುಟಿ.

ಮನೆಯ ನಕ್ಷೆಯ ಮೇಲೆ ಕೋಣೆಗಳ ಹೆಸರು ಬರೆದರೆ ಪದಗಳು ಜಾಗ ಹಿಡಿಯುತ್ತವೆ. ಪ್ಯಾಂಟ್ರಿ ಮೊದಲು ಬ್ರೆಡ್ಡಿನ ಕೋಣೆ. ಬ್ರೆಡ್ಡಿಗಿರುವ ಲ್ಯಾಟಿನ್ ಪದವೇ ಅದರ ಬೇರು, ಪೋರ್ಚುಗೀಸರ ಮೂಲಕ ನಮಗೆ ಬಂದ ಪಾವ್‌ಭಾಜಿಯ ಪಾವ್‌ಗೂ ಅದೇ ಬೇರು. ಲಾರ್ಡರ್ ಹಂದಿಯ ಕೊಬ್ಬು, ಮಾಂಸ ಇಡುತ್ತಿದ್ದ ತಣ್ಣನೆಯ ಕೋಣೆ. ಸ್ಕಲರಿ ಪಾತ್ರೆ ತೊಳೆಯುವ ಜಾಗ. ಬಟ್ಲರ್ ಎಂಬುದು ಬಾಟಲಿಯ ನೆಂಟ, ದ್ರಾಕ್ಷಾರಸದ ಉಸ್ತುವಾರಿ ಅವನದು. ಪಾನೀಯದ ಪೀಪಾಯಿ ಇಡುತ್ತಿದ್ದ ಬಟರಿ ಎಂಬ ಕೋಣೆಗೆ ಮಾತ್ರ ಬೆಣ್ಣೆಯ ಸಂಬಂಧವಿಲ್ಲ. ಪೀಪಾಯಿಗೆ ಬಟ್ ಎನ್ನುತ್ತಿದ್ದುದರಿಂದ ಆ ಹೆಸರು.

ಕೂತಲ್ಲಿ ಏಳೆಂಟು ಪದ ದಾಟಬಾರದು. ಮರುದಿನ ಅವನ್ನು ಅರಮನೆಯ ಬಗ್ಗೆ ಅಲ್ಲ, ನಮ್ಮ ಅಡುಗೆಮನೆ, ನಮ್ಮ ಬೀರುವಿನ ಬಗ್ಗೆ ಗಟ್ಟಿಯಾಗಿ ಹೇಳಿ ನೋಡಬೇಕು. ಆಗ ಬದುಕಿರುವ ಪದ ಯಾವುದು, ಸತ್ತದ್ದು ಯಾವುದು ಗೊತ್ತಾಗುತ್ತದೆ. ಪ್ಯಾಂಟ್ರಿ ನಡೆಯುತ್ತದೆ, ಬಟರಿ ನಡೆಯುವುದಿಲ್ಲ. ಸತ್ತವಕ್ಕೆ ಪೆನ್ಸಿಲಿನಲ್ಲಿ ಒಂದು ಗೀಟು. ಅಳಿಸಬೇಕಾಗಿಲ್ಲ, ಓದುವಾಗ ಬೇಕಾಗುತ್ತವೆ.

ಸಂಜೆಯ ತುಣುಕಿಗೆ ಮೇಣದಬತ್ತಿ. 2015ರ ‘ವುಲ್ಫ್ ಹಾಲ್’ ಧಾರಾವಾಹಿಯ ರಾತ್ರಿಯ ದೃಶ್ಯಗಳನ್ನು ಮೇಣದಬತ್ತಿಯ ಬೆಳಕಿನಲ್ಲೇ ತೆಗೆದರು. ಇಂಥ ಕೆಲಸದಲ್ಲಿ ತೊಡಕು ಬತ್ತಿಯ ಎತ್ತರದ್ದು: ಒಂದೇ ಮಾತುಕತೆಯನ್ನು ನಾಲ್ಕು ಕೋನದಿಂದ ತೆಗೆಯುವಷ್ಟರಲ್ಲಿ ಅದು ಕುಗ್ಗಿರುತ್ತದೆ. ಅದಕ್ಕೆ ಬೇರೆ ಬೇರೆ ಎತ್ತರದ ಬತ್ತಿಗಳನ್ನು ಮೊದಲೇ ಜೋಡಿಸಿಟ್ಟುಕೊಳ್ಳುತ್ತಾರೆ. ವಿಕ್ ಎಂದರೆ ಬತ್ತಿಯ ನೂಲು, ಟೇಪರ್ ಎಂದರೆ ಹಚ್ಚಲು ಬಳಸುವ ಸಣ್ಣ ಬತ್ತಿ, ಸ್ಕಾನ್ಸ್ ಎಂದರೆ ಗೋಡೆಯ ದೀಪದ ಹಿಡಿಕೆ. ಕೊನೆಯದು ಸ್ನಫ್. ಉರಿದು ಕರಿಯಾದ ನೂಲಿನ ತುದಿಗೆ ಸ್ನಫ್ ಎಂದು ಹೆಸರಿತ್ತು. ಅದನ್ನು ಕತ್ತರಿಸಿ ಬೆಳಕು ಹೆಚ್ಚಿಸುವುದೂ ಸ್ನಫ್ ಮಾಡುವುದೇ. ಈಗ ಅದರ ಅರ್ಥ ಆರಿಸುವುದು. ನಮ್ಮಲ್ಲಿ ಆರಿಸು ಎನ್ನಲು ಬಾಯಿ ಬಾರದೆ ದೀಪ ದೊಡ್ಡದು ಮಾಡು ಎನ್ನುತ್ತಾರೆ. ಆ ದಿನದ ಪುಟದಲ್ಲಿ ಸ್ನಫ್‌ನ ಎದುರು ಎರಡೂ ಅರ್ಥ ಬರೆದು, ಕೆಳಗೆ ಈ ಕನ್ನಡದ ಮಾತನ್ನೂ ಬರೆದಿಡಿ.